ಪೇಟೆಗೆ ಭಾನುವಾರ ಹೋಗಬೇಡಿ

ಕಳೆದ ತಿಂಗಳು ನಮ್ಮ ಅತ್ತಿಗುಪ್ಪೆ ಗೆಳೆಯರ ಗುಂಪಿಗೆ ಒಂದು ಸಂದೇಶ ಬಂತು. ಭಾನುವಾರ ಬೆಳಗ್ಗೆ ಏಳಕ್ಕೆ ಹಳೇ ಪೇಟೆಯಲ್ಲಿ ಪಾರಂಪರಿಕ ನಡಿಗೆ, ತಲೆಗೆ ಇಷ್ಟು ದುಡ್ಡು, ಕೊನೆಗೆ ಮಸಾಲೆ ದೋಸೆ ಉಚಿತ. ವಿವರಣೆ ಇಂಗ್ಲಿಷಿನಲ್ಲಿ. ದೋಸೆಗೆ ಎಲ್ಲರೂ ಕೈ ಎತ್ತಿದರು, ಇಂಗ್ಲಿಷಿಗೆ ಇಬ್ಬರು ಮುಖ ಸಿಂಡರಿಸಿದರು. ಹೋಗೋದಾ ಬೇಡವಾ ಅಂತ ನಮ್ಮ ಗೆಳೆಯನೊಬ್ಬನ ಮನೆ ಜಗಲಿಯಲ್ಲಿ ಕೂತು ಚರ್ಚೆ ಮಾಡ್ತಿದ್ದಾಗ, ಒಳಗಿಂದ ಅವರಪ್ಪ ಕೇಳಿಸಿಕೊಂಡು ಹೊರಗೆ ಬಂದರು.

"ಏನ್ರಪ್ಪಾ, ಭಾನುವಾರ ಪೇಟೆಗಾ? ಶಟರ್ ನೋಡ್ಕೊಂಡು ಬರೋಕೆ ದುಡ್ಡು ಬೇರೆ ಕೊಡ್ತೀರಾ?"

ಅಷ್ಟು ಹೇಳಿ ಪೇಪರ್ ತಗೊಂಡು ಒಳಗೆ ಹೋದರು. ನಮಗೆಲ್ಲ ಸ್ವಲ್ಪ ನಾಚಿಕೆಯಾಯಿತು. ಯಾಕಂದ್ರೆ ಅವರು ಚಿಕ್ಕಪೇಟೆಯ ಒಂದು ಜವಳಿ ಸಗಟು ಅಂಗಡಿಯಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದವರು. ಅತ್ತಿಗುಪ್ಪೆಯಿಂದ ಮಾಗಡಿ ರೋಡ್ ಹಿಡಿದು ದಿನಾ ಸೈಕಲ್ಲಿನಲ್ಲಿ ಹೋಗಿ ಬಂದವರು. ಅವರ ಮಗ, ನಮ್ಮ ಗೆಳೆಯ, ಅಪ್ಪ ಕೆಲಸ ಮಾಡಿದ ಅಂಗಡಿಯನ್ನು ಒಂದು ಸಲವೂ ನೋಡಿರಲಿಲ್ಲ! ನಾನೂ ಇಷ್ಟು ವರ್ಷ ಅವರ ಮನೆ ಕಾಫಿ ಕುಡಿದಿದ್ದೀನಿ, ಪೇಟೆ ಬಗ್ಗೆ ಒಂದು ಪ್ರಶ್ನೆ ಕೇಳಿರಲಿಲ್ಲ.

ಸರಿ, ಭಾನುವಾರದ ನಡಿಗೆ ಬಿಟ್ಟೆವು. ಒಂದು ಶುಕ್ರವಾರ ನಾಲ್ಕು ಜನ ರಜೆ ಹಾಕಿ ಹೊರಟೆವು. ನಾನು, ಈ ಗೆಳೆಯ, ಒಬ್ಬರು ಸ್ಕೂಲ್ ಟೀಚರ್, ಮತ್ತೆ ಬ್ಯಾಂಕಿನಲ್ಲಿದ್ದು ರಿಟೈರ್ ಆದ ಒಬ್ಬರು ಹಿರಿಯರು. ಹೋಗಿ ಬಂದ ಮೇಲೆ ನನಗೆ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಅದನ್ನೇ ಇಲ್ಲಿ ಹೇಳೋಣ ಅಂತ. ಒಪ್ಪದವರು ಜಗಳಕ್ಕೆ ಬನ್ನಿ, ಬಾಗಿಲು ತೆರೆದಿದೆ :)

ಅತ್ತಿಗುಪ್ಪೆಯವರಿಗೆ ಈಗ ಪೇಟೆ ಬಹಳ ಹತ್ತಿರ. 2015ರ ನವೆಂಬರಿನಲ್ಲಿ ಮಾಗಡಿ ರೋಡಿನಿಂದ ಮೈಸೂರು ರೋಡಿನವರೆಗೆ ಮೆಟ್ರೋ ಬಂದಾಗ ನಮ್ಮ ಸ್ಟೇಷನ್ನೂ ಶುರುವಾಯಿತು. ವಿಜಯನಗರ, ಹೊಸಹಳ್ಳಿ, ಮಾಗಡಿ ರೋಡ್, ರೈಲ್ವೆ ಸ್ಟೇಷನ್, ಮೆಜೆಸ್ಟಿಕ್. ಅಲ್ಲಿ ಇಳಿದು ಹಸಿರು ಲೈನಿಗೆ ಬದಲಾಯಿಸಿದರೆ ಮುಂದಿನದೇ ಚಿಕ್ಕಪೇಟೆ. ಮಾಗಡಿ ರೋಡ್ ದಾಟಿದ ಮೇಲೆ ರೈಲು ನೆಲದೊಳಗೆ ಇಳಿಯುತ್ತೆ. ಗೆಳೆಯ ಕಿಟಕಿಯ ಕತ್ತಲೆ ನೋಡ್ತಾ "ಅಪ್ಪ ತುಳಿದಿದ್ದು ಇದರ ಮೇಲೇನೇ ಅಲ್ವಾ" ಅಂದ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋ ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಅಂದರೆ ಕೆರೆಯ ತಳಕ್ಕಿಂತಲೂ ಕೆಳಗೆ ನಿಂತು ನಾವು ರೈಲು ಬದಲಾಯಿಸಿದೆವು!

ಚಿಕ್ಕಪೇಟೆ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಹೊರಬಂದರೆ ಗಂಟೆ ಹತ್ತೂವರೆ. ಶಟರ್‌ಗಳು ಒಂದೊಂದಾಗಿ ಮೇಲೇರ್ತಾ ಇದ್ದವು. ಬಾಗಿಲಿಗೆ ನೀರು ಹಾಕಿ, ಊದಿನಕಡ್ಡಿ ಹಚ್ಚಿ, ಗಲ್ಲಾಪೆಟ್ಟಿಗೆಗೆ ಕೈ ಮುಗಿದು ಕೂರ್ತಾ ಇದ್ದರು. ನಡಿಗೆ ನಿಜವಾಗಿ ಶುರುವಾಗಬೇಕಾದ್ದು ಆ ಹೊತ್ತಿಗೇ ಅನ್ನಿಸಿತು.

ಚಿಕ್ಕಪೇಟೆ ರಸ್ತೆ ಮತ್ತೆ ಅವೆನ್ಯೂ ರಸ್ತೆ ಕೂಡೋ ಜಾಗಕ್ಕೆ ಹೋಗಿ ನಿಂತೆವು. ಹಿಂದೆ ಇದು ದೊಡ್ಡಪೇಟೆ ಚೌಕ. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ ಪೇಟೆ ಶುರು ಮಾಡಿದಾಗ, ಈ ಚೌಕದಿಂದಲೇ ನಾಲ್ಕು ದಿಕ್ಕಿಗೆ ನೇಗಿಲು ಕಟ್ಟಿದ ಎತ್ತುಗಳನ್ನು ಓಡಿಸಿದರು, ಅವು ಹೋದ ದಾರಿಯೇ ರಸ್ತೆಯಾಯಿತು ಅನ್ನೋ ಕಥೆ ನಿಮಗೆ ಗೊತ್ತೇ ಇದೆ. ಪೂರ್ವಕ್ಕೆ ಹಲಸೂರಿನ ಬಾಗಿಲು, ಪಶ್ಚಿಮಕ್ಕೆ ಸೊಂಡೆಕೊಪ್ಪದ ಬಾಗಿಲು, ಉತ್ತರಕ್ಕೆ ಯಲಹಂಕದ ಬಾಗಿಲು. ಬಾಗಿಲುಗಳು ಯಾವಾಗಲೋ ಹೋದವು. ಆದರೆ ಹಲಸೂರು ಗೇಟ್ ಪೊಲೀಸ್ ಠಾಣೆ ಇನ್ನೂ ಇದೆ. ಗೇಟಿಲ್ಲ, ಠಾಣೆ ಇದೆ. ಹಾಗೇ ಅವೆನ್ಯೂ ರಸ್ತೆಯ ತುದಿಯಲ್ಲಿ ಮೈಸೂರು ಬ್ಯಾಂಕ್ ಸರ್ಕಲ್. 1913ರಲ್ಲಿ ಶುರುವಾದ ಆ ಬ್ಯಾಂಕು 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ನಮ್ಮ ರಿಟೈರ್ಡ್ ಹಿರಿಯರು "ಬ್ಯಾಂಕ್ ಹೋಯ್ತು, ಸರ್ಕಲ್ ಉಳೀತು" ಅಂತ ನಕ್ಕರು. ನಗು ಅಷ್ಟೇನೂ ಚೆನ್ನಾಗಿರಲಿಲ್ಲ.

ಆ ಚೌಕದಲ್ಲಿ ಎರಡು ನಿಮಿಷ ನಿಂತು ಇತಿಹಾಸ ಮಾತಾಡೋಕೂ ಬಿಡಲಿಲ್ಲ. "ಜಾಗ, ಜಾಗ, ಸೈಡು!" ಅಂತ ಹಿಂದಿನಿಂದ ಕೂಗು. ತಲೆ ಮೇಲೆ ಬಟ್ಟೆಯ ಬೇಲು ಹೊತ್ತ ಹಮಾಲಿ. ಅವನ ಹಿಂದೆ ತಳ್ಳುಗಾಡಿ, ಅದರ ಹಿಂದೆ ಮೂರು ಸ್ಕೂಟರ್, ಅದರ ನಡುವೆ ಟೀ ಕ್ಯಾನ್ ಹಿಡಿದ ಹುಡುಗ. ನಾವು ಗೋಡೆಗೆ ಅಂಟಿಕೊಂಡೆವು. ಟೀಚರಮ್ಮ ಹೇಳಿದರು, "ನೋಡಿ, ಇವರಿಗೆ ಈಗ ನಾವೇ ಅಡ್ಡಿ."

ಅಲ್ಲಿಂದ ನನ್ನ ಯೋಚನೆ ಬದಲಾಯಿತು.

ಪಾರಂಪರಿಕ ನಡಿಗೆ ಅಂದರೆ ನಮಗೆ ಕಣ್ಣಿಗೆ ಬರೋದು ಕಟ್ಟಡ. ಕಮಾನು, ಮರದ ಕಂಬ, ಬಣ್ಣದ ಗಾಜು, ಕೆತ್ತಿದ ಇಸವಿ. ಭಾನುವಾರ ಬೆಳಗ್ಗೆ ಅವೆಲ್ಲ ಚೆನ್ನಾಗಿ ಕಾಣುತ್ತವೆ, ನಿಜ. ಗಾಡಿಗಳಿಲ್ಲ, ಜನ ಇಲ್ಲ, ಫೋಟೋಗೆ ಬೆಳಕೂ ಮೆತ್ತಗಿರುತ್ತೆ. ಆದರೆ ಬೆಂಗಳೂರಿನ ಪೇಟೆಯನ್ನು ಯಾರೂ ನೋಡೋಕೆ ಅಂತ ಕಟ್ಟಲಿಲ್ಲ. ಅದನ್ನು ಕಟ್ಟಿದ್ದು ದುಡಿಯೋಕೆ. ಹೆಸರುಗಳನ್ನೇ ಒಂದು ಸಲ ಸಾಲಾಗಿ ಓದಿ: ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಅರಳೆಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ಗೊಲ್ಲರಪೇಟೆ, ತಿಗಳರಪೇಟೆ, ನಗರ್ತಪೇಟೆ. ಒಂದೋ ಸರಕಿನ ಹೆಸರು, ಇಲ್ಲವೇ ಅದನ್ನು ಮಾಡೋರ, ಮಾರೋರ ಹೆಸರು. ರಾಜರ ಹೆಸರು ಹುಡುಕಬೇಕು. ದುಡಿಮೆಯ ಹೆಸರು ಮಾತ್ರ ಬೀದಿ ಬೀದಿಗೂ ಇದೆ.

ಆ ದುಡಿಮೆಗೆ ರಜೆ ಇರೋ ದಿನ ಹೋಗಿ, ಖಾಲಿ ಬೀದಿ ನೋಡಿ, "ಆಹಾ ಎಂಥ ಪರಂಪರೆ" ಅಂದರೆ ಹೇಗೆ? ಅಡುಗೆಯವರು ಮನೆಗೆ ಹೋದ ಮೇಲೆ ಮದುವೆ ಛತ್ರಕ್ಕೆ ಹೋಗಿ ಒಲೆ ನೋಡಿ ಬಂದ ಹಾಗೆ.

ಹೆಸರು ಒಂದು, ಸರಕು ಇನ್ನೊಂದು ಆಗಿರೋದೂ ಕೆಲಸದ ದಿನವೇ ತಿಳಿಯೋದು. ಬಳೇಪೇಟೆಯಲ್ಲಿ ವೀಣೆ, ತಬಲ, ಹಾರ್ಮೋನಿಯಂ ಅಂಗಡಿಗಳು. ಒಂದು ಅಂಗಡಿಯಲ್ಲಿ ಒಬ್ಬರು ಮೃದಂಗಕ್ಕೆ ಬಾರು ಬಿಗೀತಾ ಕೂತಿದ್ದರು. ತಟ್ಟೋದು, ಕಿವಿ ಹತ್ತಿರ ತರೋದು, ಮತ್ತೆ ಬಿಗಿಯೋದು. ನಾವು ಹತ್ತು ನಿಮಿಷ ನಿಂತೆವು, ಅವರು ತಲೆ ಎತ್ತಲಿಲ್ಲ. ಸುಲ್ತಾನಪೇಟೆ ಕಡೆ ಮದುವೆ ಕಾರ್ಡುಗಳು. "ಈಗೆಲ್ಲ ವಾಟ್ಸಾಪಲ್ಲೇ ಕಳಿಸಿಬಿಡ್ತಾರೆ ಸಾರ್, ದೇವರ ಮುಂದೆ ಇಡೋಕೆ ಅಂತ ಐವತ್ತು ಕಾರ್ಡು ಮಾಡಿಸ್ತಾರೆ" ಅಂದರು ಅಂಗಡಿಯವರು. ಕಬ್ಬನ್‌ಪೇಟೆಯ ಒಂದು ಸಂದಿಯಲ್ಲಿ ಮಗ್ಗದ ಸದ್ದು ಗೋಡೆಯಾಚೆಯಿಂದ ಕೇಳಿತು. ರೇಷ್ಮೆ ಕಾಣಲಿಲ್ಲ, ಬರೀ ಟಕಟಕ. ಭಾನುವಾರ ಬಂದಿದ್ದರೆ ಅದೊಂದು ಸುಣ್ಣ ಉದುರಿದ ಗೋಡೆ ಮಾತ್ರ. ಅವೆನ್ಯೂ ರಸ್ತೆಯಲ್ಲಿ ಪಠ್ಯಪುಸ್ತಕದ ರಾಶಿ. ಟೀಚರಮ್ಮ ಅಲ್ಲೇ ಕೂತುಬಿಟ್ಟರು. ಎತ್ತಿ ಎಬ್ಬಿಸಬೇಕಾಯಿತು.

ಅವೆನ್ಯೂ ರಸ್ತೆಯ ಗಲಾಟೆಯಲ್ಲೇ ರೈಸ್ ಸ್ಮಾರಕ ಚರ್ಚ್ ಇದೆ. ಎಷ್ಟು ಸಲ ಅದರ ಮುಂದೆ ಹಾದಿದ್ದೀನೋ, ಯಾರ ರೈಸ್ ಅಂತ ಯೋಚಿಸಿರಲಿಲ್ಲ. ಲಂಡನ್ ಮಿಷನ್ನಿನ ಪಾದ್ರಿ ಬೆಂಜಮಿನ್ ರೈಸ್ ಅವರ ನೆನಪಿನದು. ಅವರ ಮಗನೇ ಬಿ. ಎಲ್. ರೈಸ್, 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, ಊರೂರು ಸುತ್ತಿ ಶಾಸನಗಳ ಪ್ರತಿ ಮಾಡಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ತಂದವರು. ಬೆಂಗಳೂರು ಜಿಲ್ಲೆಯದು ಒಂಬತ್ತನೇ ಸಂಪುಟ, 1905ರದ್ದು. ನಮ್ಮ ಕಾಲದಲ್ಲಿ ಮಿಥಿಕ್ ಸೊಸೈಟಿಯವರು ಅದೇ ಕಲ್ಲುಗಳನ್ನು ಮತ್ತೆ ಹುಡುಕಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡೋ ಕೆಲಸ ಹಿಡಿದರು. ಬೇಗೂರಿನ ಕಲ್ಲಿನಲ್ಲಿ ಸುಮಾರು ಕ್ರಿ.ಶ. 890ರ ಹೊತ್ತಿಗೇ 'ಬೆಂಗಳೂರು' ಅನ್ನೋ ಹೆಸರಿದೆ ಅಂತ ನಾವು ಎದೆ ತಟ್ಟಿ ಹೇಳ್ತೀವಲ್ಲ, ಅದನ್ನೂ ಯಾರೋ ಬಿಸಿಲಲ್ಲಿ ನಡೆದು ಹೋಗಿ, ಕಲ್ಲು ತೊಳೆದು, ಓದಿದ್ದಕ್ಕೇ ಹೇಳೋಕೆ ಆಗ್ತಿರೋದು.

ಇನ್ನು ಗೆಳೆಯನ ಅಪ್ಪನ ಅಂಗಡಿ. ಅದನ್ನು ಹುಡುಕೋದೇ ಅವನ ಮಟ್ಟಿಗೆ ಮುಖ್ಯ ಕೆಲಸವಾಗಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. ಅಪ್ಪ ಹೇಳಿದ್ದ ಗುರುತು: ಚಿಕ್ಕಪೇಟೆ ರಸ್ತೆಯಿಂದ ಎಡಕ್ಕೆ ಮೂರನೇ ಸಂದಿ, ಕಲ್ಲಿನ ಮೂರು ಮೆಟ್ಟಿಲು, ಒಳಗೆ ಬಿಳಿ ಗಾದಿ. ಸಂದಿ ಸಿಕ್ಕಿತು. ಮೆಟ್ಟಿಲು ಸಿಗಲಿಲ್ಲ. ಆ ಜಾಗದಲ್ಲಿ ನಾಲ್ಕು ಮಹಡಿಯ ಕಟ್ಟಡ, ಕೆಳಗೆಲ್ಲ ಎಲೆಕ್ಟ್ರಿಕಲ್ ಸಾಮಾನು, ಬಣ್ಣದ ದೀಪದ ಸರಗಳು ಹಗಲಲ್ಲೂ ಉರೀತಿದ್ದವು. ಎದುರು ಅಂಗಡಿಯ ವಯಸ್ಸಾದ ಯಜಮಾನರನ್ನು ಕೇಳಿದೆವು. ಅಂಗಡಿ ಹೆಸರು ಹೇಳಿದ ಕೂಡಲೇ ತಲೆ ಆಡಿಸಿದರು. ಮುಚ್ಚಿ ಬಹಳ ವರ್ಷವಾಯಿತಂತೆ. ಗೆಳೆಯ ಅಪ್ಪನ ಹೆಸರು ಹೇಳಿದ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು.

"ಹೆಸರು ನೆನಪಾಗ್ತಿಲ್ಲಪ್ಪ. ಅಲ್ಲಿ ಲೆಕ್ಕ ಬರೆಯೋರು ಮೂರು ಜನ ಇದ್ರು. ಸಂಜೆ ನಾಲ್ಕು ಗಂಟೆಗೆ ಮೂರೂ ಜನ ಆ ಮೂಲೇಲಿ ನಿಂತು ಬೈಟು ಕಾಫಿ ಕುಡಿಯೋರು. ಮೂರು ಜನಕ್ಕೆ ಎರಡೇ ಕಾಫಿ."

ಅಷ್ಟೇ. ಸಿನಿಮಾದಲ್ಲಾಗಿದ್ದರೆ ಅವರು ಹೆಸರು ಹಿಡಿದು ಅಪ್ಪಿಕೊಳ್ತಿದ್ದರು. ಇಲ್ಲಿ ಹಾಗಾಗಲಿಲ್ಲ. ಗೆಳೆಯ ಆ ಮೂಲೆಗೆ ಹೋಗಿ ನಿಂತ. ಅಲ್ಲಿ ಈಗ ಮೊಬೈಲ್ ಕವರ್ ಮಾರೋ ಗಾಡಿ. ಒಂದು ಕವರ್ ಕೊಂಡ, ಅವನ ಫೋನಿಗೆ ಅದು ಸರಿಹೋಗೋದೂ ಇಲ್ಲ. ನಾವು ಯಾರೂ ಏನೂ ಅನ್ನಲಿಲ್ಲ.

ಅಲ್ಲಿಂದ ಕೆ. ಆರ್. ಮಾರ್ಕೆಟ್ ಕಡೆ ಇಳಿದೆವು. ಸಿದ್ದಿಕಟ್ಟೆ ಅನ್ನೋ ನೀರಿನ ಜಾಗದಲ್ಲಿ 1921ರಲ್ಲಿ ಎದ್ದ ಮಾರುಕಟ್ಟೆ. 1905ರ ಆಗಸ್ಟ್ 5ರಂದು ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪ ಉರಿದದ್ದು ಈ ಆಸುಪಾಸಿನಲ್ಲೇ, ಶಿವನಸಮುದ್ರದ ಕರೆಂಟಿನಲ್ಲಿ. ಪಕ್ಕದಲ್ಲೇ ಕೋಟೆಯ ಉಳಿದ ತುಂಡು. ಹೈದರಾಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ ಕೋಟೆ. 1791ರ ಮಾರ್ಚ್ 7ಕ್ಕೆ ಕಾರ್ನ್‌ವಾಲಿಸ್‌ನ ಸೈನ್ಯ ಪೇಟೆಯನ್ನು ಹಿಡಿಯಿತು, 21ರ ರಾತ್ರಿ ಕೋಟೆ ಒಡೆಯಿತು. ಎರಡು ವಾರ ಪೇಟೆಯ ಬೀದಿಗಳೇ ಯುದ್ಧಭೂಮಿ. ಆಮೇಲೆ? ಆಮೇಲೆ ಜನ ವಾಪಸ್ಸು ಬಂದರು, ಅಂಗಡಿ ತೆರೆದರು. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಮನೆಗಳಲ್ಲಿ ಜನ ಸತ್ತಾಗಲೂ ಹಾಗೇ. ಒಂದಷ್ಟು ಜನ ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳಿಗೆ ಹೋದರು. ಉಳಿದವರು ಮತ್ತೆ ಶಟರ್... ಅಲ್ಲ, ಆಗ ಹಲಗೆ ಬಾಗಿಲು, ಅದನ್ನು ತೆಗೆದು ಕೂತರು.

ಈಗ ಕೋಟೆಯ ತುಂಡಿಗೂ ಟಿಪ್ಪು ಅರಮನೆಗೂ ಪುರಾತತ್ವ ಇಲಾಖೆಯ ಬೋರ್ಡು ಇದೆ, ಕಾವಲು ಇದೆ. ಒಳ್ಳೇದೇ. ಆದರೆ ಯುದ್ಧ, ಪ್ಲೇಗು ಎರಡನ್ನೂ ದಾಟಿ ಬಂದ ಈ ದಿನದಿನದ ಕೆಲಸಕ್ಕೆ ಯಾವ ಬೋರ್ಡಿದೆ? ಮೃದಂಗ ಬಿಗಿಯೋ ಕೈಗೆ? ಮೂರು ಜನಕ್ಕೆ ಎರಡು ಕಾಫಿ ಕುಡಿದ ಗುಮಾಸ್ತರಿಗೆ? ಕಟ್ಟಡ ಬಿದ್ದರೆ ಪೇಪರಿನಲ್ಲಿ ಫೋಟೋ ಬರುತ್ತೆ. ಕಸುಬು ಬಿದ್ದರೆ ಸದ್ದೇ ಆಗೋಲ್ಲ.

ಈ ಮಾತಿಗೆ ನಮ್ಮಲ್ಲೇ ವಿರೋಧ ಬಂತು. ಅದನ್ನೂ ಹೇಳಬೇಕು.

ಹಿರಿಯರು ಅಂದರು: "ನೀನೇನೋ ರಜೆ ಹಾಕಿ ಬಂದೆ. ದಿನಗೂಲಿಯವನು, ಮಕ್ಕಳನ್ನು ಕರ್ಕೊಂಡು ಬರೋರು, ಮಂಡಿ ನೋವಿರೋ ನನ್ನಂಥೋರು ಭಾನುವಾರವೇ ಬರಬೇಕು. ಖಾಲಿ ಬೀದೀಲಿ ಮಗುವಿನ ಕೈ ಬಿಟ್ಟು ನಡೆಸಬಹುದು. ಆ ಮಗು ನಾಳೆ ಶುಕ್ರವಾರ ಬರುತ್ತೆ." ಸರಿಯಾದ ಮಾತು. ಟೀಚರಮ್ಮನ ಮಾತು ಇನ್ನೂ ಖಾರ: "ನಾವು ನಾಲ್ಕು ಜನಕ್ಕೇ ಹಮಾಲಿಗಳು ಬೈದ್ರು. ಮೂವತ್ತು ಜನ ಶುಕ್ರವಾರ ಬಂದ್ರೆ ಅವರ ಹೊಟ್ಟೆ ಮೇಲೆ ಹೊಡೆದ ಹಾಗಲ್ವಾ? ಆಮೇಲೆ ಇನ್ನೊಂದು, ಮೂರು ಗಂಟೆಯಿಂದ ನಡೀತಿದೀವಿ, ಹೆಂಗಸರಿಗೆ ಒಂದು ಶೌಚಾಲಯ ಸಿಕ್ಕಿಲ್ಲ, ಕೂರೋಕೆ ಒಂದು ಕಲ್ಲುಬೆಂಚಿಲ್ಲ. ನಿಮ್ಮ ಪರಂಪರೆ ಗಂಡಸರಿಗೆ ಮಾತ್ರಾನಾ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಹಾಗಾಗಿ ನನ್ನ ಅಭಿಪ್ರಾಯಕ್ಕೆ ಸ್ವಲ್ಪ ತಿದ್ದುಪಡಿ. ಭಾನುವಾರದ ನಡಿಗೆ ಬೇಡ ಅಂತಲ್ಲ. ಅದು ಅ ಆ ಇ ಈ ಇದ್ದ ಹಾಗೆ. ಅಷ್ಟಕ್ಕೇ ಪೇಟೆ ಓದಿ ಮುಗಿಸಿದೆವು ಅಂದುಕೊಳ್ಳಬಾರದು. ಒಂದು ಸಲ ಕೆಲಸದ ದಿನ ಹೋಗಬೇಕು. ಹೋಗೋದಾದರೆ ಮೂರೋ ನಾಲ್ಕೋ ಜನ, ಅದಕ್ಕಿಂತ ಹೆಚ್ಚು ಬೇಡ. ಒಬ್ಬರ ಹಿಂದೆ ಒಬ್ಬರು ನಡೀಬೇಕು. ತಲೆ ಮೇಲೆ ಹೊರೆ ಇರೋರಿಗೆ ದಾರಿ ಮೊದಲು. ಕೇಳದೆ ಫೋಟೋ ತೆಗೀಬಾರದು. ಹತ್ತು ನಿಮಿಷ ಒಂದು ಅಂಗಡಿ ಮುಂದೆ ನಿಂತು ನೋಡಿದ ಮೇಲೆ ಏನಾದರೂ ಒಂದು ಕೊಳ್ಳಬೇಕು, ಒಂದು ಸೂಜಿ ಪೊಟ್ಟಣವಾದರೂ ಸರಿ. ಪೇಟೆಯ ಮರ್ಯಾದೆ ಅದು. ಇನ್ನು ಆಳೋರಿಗೆ ಕೇಳೋದಾದರೆ ದೊಡ್ಡ ಯೋಜನೆ ಬೇಡ. ಪ್ರತಿ ಪೇಟೆಯ ಬಾಯಲ್ಲಿ ಅದರ ಹೆಸರು, ಆ ಹೆಸರು ಯಾಕೆ ಬಂತು ಅಂತ ಕನ್ನಡದಲ್ಲಿ ಎರಡು ಸಾಲು. ನಾಲ್ಕು ಬೆಂಚು. ಬೀಗ ಹಾಕದ ಒಂದು ಶೌಚಾಲಯ. ಇದು ನಡಿಗೆಗೆ ಬರೋ ನಮಗಿಂತ ಹೆಚ್ಚಾಗಿ ಬೆಳಗ್ಗಿಂದ ರಾತ್ರಿವರೆಗೆ ಅಲ್ಲೇ ದುಡಿಯೋರಿಗೆ ಬೇಕು.

ಕನ್ನಡದ ಮಾತು ಬಂದದ್ದಕ್ಕೆ ಇದೂ ಇರಲಿ. ಪೇಟೆಯಲ್ಲಿ ಆ ದಿನ ನಮ್ಮ ಕಿವಿಗೆ ಕನ್ನಡ, ತೆಲುಗು, ತಮಿಳು, ಉರ್ದು, ಮಾರವಾಡಿ ಎಲ್ಲ ಬಿದ್ದವು. ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ ಕರಗ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿ ಬರೋ ಊರು ಇದು. ಇಲ್ಲಿ ಭಾಷೆಗಳ ಜಗಳ ಇಲ್ಲ, ಚೌಕಾಸಿ ಇದೆ. ಆದರೆ ಈ ಊರಿನ ಕಥೆಯನ್ನು ಕನ್ನಡದಲ್ಲಿ ಹೇಳಿಸಿಕೊಳ್ಳಬೇಕು ಅಂದರೆ ಹೇಳೋರು ಎಲ್ಲಿ? ಇಂಗ್ಲಿಷಿನಲ್ಲಿ ನಡಿಗೆ ಮಾಡಿಸೋರನ್ನು ದೂರಿ ಪ್ರಯೋಜನ ಇಲ್ಲ, ಅವರಾದರೂ ಮಾಡಿಸ್ತಿದ್ದಾರೆ. ಕನ್ನಡದಲ್ಲಿ ಹೇಳಬಲ್ಲವರು ನಮ್ಮ ಮನೆ ಜಗಲಿಯಲ್ಲೇ ಪೇಪರ್ ಓದ್ತಾ ಕೂತಿದ್ದಾರೆ, ನಾವು ಕೇಳಿಲ್ಲ.

ಸಂಜೆ ಅತ್ತಿಗುಪ್ಪೆಗೆ ವಾಪಸ್ಸು ಬಂದು ಸೀದಾ ಗೆಳೆಯನ ಮನೆಗೇ ಹೋದೆವು. ಮೆಟ್ಟಿಲು ಇಲ್ಲ, ಅಂಗಡಿ ಇಲ್ಲ ಅಂತ ಅವನು ಹೇಳಿದ. ಅಪ್ಪ "ಗೊತ್ತು" ಅಂದರು. ಗೊತ್ತಿದ್ದೂ ಗುರುತು ಹೇಳಿ ಕಳಿಸಿದ್ದರು! ಆಮೇಲೆ ಅವನು ಕಾಫಿ ಮಾತು ಹೇಳಿದ, ಮೂರು ಜನಕ್ಕೆ ಎರಡು ಕಾಫಿ ಅಂತ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಮೂರನೇದು ನಂದು. ನಾನು ಕಾಫಿಗೆ ದುಡ್ಡು ಹಾಕ್ತಿರಲಿಲ್ಲ. ಇವನ ಸ್ಕೂಲ್ ಫೀಜು ಇತ್ತಲ್ಲ. ಅವರಿಬ್ಬರು ತಮ್ಮದ್ರಲ್ಲೇ ನಂಗೂ ಬಗ್ಗಿಸೋರು."

ಗೆಳೆಯ ಎದ್ದು ಒಳಗೆ ಹೋದ, ನೀರು ಕುಡಿಯೋಕೆ.

ಆಮೇಲೆ ಎರಡು ಗಂಟೆ ಅವರು ಮಾತಾಡಿದರು, ನಾವು ಕೇಳಿದೆವು. ಯಾವ ಅಂಗಡಿಯಲ್ಲಿ ದೀಪಾವಳಿಗೆ ಲೆಕ್ಕದ ಪುಸ್ತಕ ಬದಲಾಯಿಸ್ತಿದ್ದರು, ಮಳೆ ಬಂದರೆ ಯಾವ ಸಂದಿಯಲ್ಲಿ ಸೈಕಲ್ ಹೊತ್ತು ದಾಟಬೇಕಿತ್ತು, ರಾತ್ರಿ ವಾಪಸ್ಸು ಬರುವಾಗ ಅತ್ತಿಗುಪ್ಪೆ ಸುತ್ತ ರಾಗಿ ಹೊಲದ ಕತ್ತಲೆಯಲ್ಲಿ ಡೈನಮೋ ದೀಪ ಒಂದೇ ಹೇಗೆ ಉರೀತಿತ್ತು... ನಮ್ಮ ಬಡಾವಣೆಗೆ ಇತಿಹಾಸ ಇಲ್ಲ, ಅದಕ್ಕೇ ಪೇಟೆಗೆ ಹೋಗಬೇಕು ಅಂದುಕೊಂಡಿದ್ದವನು ನಾನು.

ಮುಂದಿನ ತಿಂಗಳು ಮತ್ತೆ ಹೋಗ್ತೀವಿ. ಈ ಸಲ ಅವರೂ ಬರ್ತಾರೆ. ಮಂಡಿ ನೋವು, ಹೆಚ್ಚು ನಡೆಯೋಕಾಗಲ್ಲ, ಮೆಟ್ರೋದಲ್ಲಿ ಹೋಗಿ ಆ ಮೂಲೆಯವರೆಗೆ ಮಾತ್ರ. ದಿನ ಯಾವುದು ಅಂತ ಕೇಳಿದ್ದಕ್ಕೆ, "ಶುಕ್ರವಾರ ಬೇಡ, ಸೋಮವಾರ ಹೋಗೋಣ. ಸೋಮವಾರ ಮಾಲು ಬರೋ ದಿನ" ಅಂದರು.

ನಿಮ್ಮ ಊರಲ್ಲೂ ಒಂದು ಪೇಟೆ ಇರುತ್ತೆ. ಅಲ್ಲಿ ದುಡಿದವರು ಒಬ್ಬರು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇರ್ತಾರೆ. ಕ್ಯಾಮರಾ ಹೆಗಲಿಗೆ ಹಾಕೋ ಮೊದಲು ಅವರ ಹತ್ತಿರ ಕೂತು ಕೇಳಿ. ಕೇಳಿದ್ದನ್ನು ಬರೀರಿ, ನಾನು ಓದ್ತೀನಿ.